ಬಣ್ಣದ ಪರದೆಯೋ, ನಾಲ್ಕು ಸೆಲ್ಲೋ?

ಕಳೆದ ಮಳೆಗಾಲ ರಾಮನಗುಳಿ ಕಡೆಯ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಗಣಿತ ಪಾಠ ವೀಕ್ಷಿಸುತ್ತಿದ್ದೆ. ಘಟಕ, ಸಮಮಿತಿ. ಪ್ರೊಜೆಕ್ಟರ್ ಹೊತ್ತಿ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು, ಪಾಠವೂ ನಿಂತಿತು. ಬೋಧನೋಪಕರಣದ ಅಂಕಣದಲ್ಲಿ ನಾನಾಗಲೇ ಪೂರ್ಣ ಅಂಕ ಬರೆದಾಗಿತ್ತು. ತಪ್ಪು ನನ್ನದೂ ಹೌದು.

ಆಗ ನೆನಪಾದದ್ದು ಗೇಮ್ ಬಾಯ್. 1989ರಲ್ಲಿ ಜಪಾನಿನ ನಿಂಟೆಂಡೊ ಈ ಕೈಯಾಟಿಕೆಯನ್ನು ತಂದಾಗ ಬಣ್ಣದ ಪರದೆ ಅಸಾಧ್ಯವೇನೂ ಆಗಿರಲಿಲ್ಲ. ಗುನ್‌ಪೇ ಯೊಕೊಯಿ ಮತ್ತು ಸಂಗಡಿಗರು ಬೇಕೆಂದೇ ಮಂಕು ಹಸಿರು ಪರದೆ ಆರಿಸಿದರು. ಹಳತಾಗಿ ಅಗ್ಗವಾದ, ಗುಣದೋಷವೆಲ್ಲ ಗೊತ್ತಿರುವ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕೆಂಬುದು ಯೊಕೊಯಿಯ ನಿಲುವು. ನಾಲ್ಕು ಸೆಲ್ಲಿಗೆ ಹತ್ತು ಗಂಟೆಗೂ ಮಿಕ್ಕಿ ಆಟ. ಮರುವರ್ಷದ ಸೆಗಾ ಗೇಮ್ ಗಿಯರ್‌ನಲ್ಲಿ ಬೆಳಗುವ ಬಣ್ಣವಿತ್ತು, ಆದರೆ ಆರು ಸೆಲ್ ಐದಾರು ಗಂಟೆಯೊಳಗೆ ಖಾಲಿ. ಮಾರುಕಟ್ಟೆಯಲ್ಲಿ ಗೆದ್ದದ್ದು ಮಂಕು ಪರದೆಯೇ. ಗೇಮ್ ಬಾಯ್‌ಗೆ ಬಣ್ಣ ಬಂದದ್ದು 1998ರಲ್ಲಿ. ಅಷ್ಟರಲ್ಲಿ ಅದಕ್ಕೆ ಎರಡೇ ಸೆಲ್ ಸಾಕಾಗಿತ್ತು.

ಆ ಯಂತ್ರದ ಪ್ರಸಿದ್ಧ ಆಟ ಟೆಟ್ರಿಸ್. ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ಅದರದೇ ಅಗ್ಗದ ನಕಲು. ಮರುದಿನ ಪ್ರಶಿಕ್ಷಣಾರ್ಥಿ ಹಳೆಯ ಲಗ್ನಪತ್ರಿಕೆಗಳಿಂದ ಅದರ ಏಳು ಆಕೃತಿಗಳನ್ನು ಕತ್ತರಿಸಿ ತಂದರು, ಒಂದೊಂದಕ್ಕೂ ನಾಲ್ಕು ಚೌಕ. ಎರಡು ಅಂಕುಡೊಂಕು ಆಕೃತಿಗಳನ್ನು ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಕೂರಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ರಟ್ಟನ್ನು ಮಗುಚಿದಳು. ಪ್ರತಿಬಿಂಬ! ಆಟದಲ್ಲಿ ತಿರುಗಿಸಬಹುದು, ಮಗುಚಲಾಗದು. ರಟ್ಟಿನಲ್ಲಿ ಎರಡೂ ಆಗುತ್ತದೆ.

ಪ್ರೊಜೆಕ್ಟರ್ ಬೇಡವೆನ್ನುತ್ತಿಲ್ಲ. ನಮ್ಮ ವೀಕ್ಷಣಾ ಪಟ್ಟಿಗೆ ಒಂದು ಪ್ರಶ್ನೆ ಸೇರಲಿ, ಅದಕ್ಕೆ ಅಂಕವೂ ಇರಲಿ: ಕರೆಂಟು ಹೋದರೆ ಈ ಪಾಠ ಮುಂದುವರಿಯುತ್ತದೆಯೇ?