ಸಾಲ ಇಬ್ಬರದೂ, ಬೈಗುಳ ಎದುರಿನವರಿಗೆ

2025ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರದ ‘ಶಟ್‌ಡೌನ್’ ಶುರುವಾದಾಗ ಸ್ನೇಹಿತರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಮಾರಾಯಾ, ಸರ್ಕಾರಕ್ಕೂ ಬೀಗ ಹಾಕ್ತಾರಾ?”

ಹಾಕ್ತಾರೆ. ಆ ಸಲ 43 ದಿನ ಹಾಕಿದ್ರು. ಅದಕ್ಕೆ ಮೊದಲಿನ ದಾಖಲೆ 2018-19ರ 35 ದಿನ.

ನಮ್ಮಲ್ಲಿ ಹೀಗಾಗಲ್ಲ. ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬೇರೆ, ಸಂಸತ್ತಿನ ಚುನಾವಣೆ ಬೇರೆ. ಖರ್ಚಿನ ಮಸೂದೆ ಸೆನೆಟ್ ದಾಟಲು ಸಾಮಾನ್ಯವಾಗಿ 100ರಲ್ಲಿ 60 ಮತ ಬೇಕು. ಅಂದ್ರೆ ವಿರೋಧ ಪಕ್ಷ ಮನಸ್ಸು ಮಾಡಿದರೆ ಗಾಡಿ ನಿಲ್ಲಿಸಬಹುದು. ಜಗಳ ಬಗೆಹರಿಯದಿದ್ದರೆ ಯಾರ ಕುರ್ಚಿಯೂ ಹೋಗುವುದಿಲ್ಲ, ನೌಕರರ ಸಂಬಳ ನಿಲ್ಲುತ್ತದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ. 2025ರಲ್ಲಿ ಡೆಮಾಕ್ರಾಟರು ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸಿ ಎಂದು ಪಟ್ಟು ಹಿಡಿದರು. ರಿಪಬ್ಲಿಕನ್ನರು ಮೊದಲು ಬೀಗ ತೆಗೆಯಿರಿ, ಆಮೇಲೆ ಮಾತು ಎಂದರು. ಈ ಹಗ್ಗಜಗ್ಗಾಟದಲ್ಲಿ ವಿಮಾನ ನಿಯಂತ್ರಕರು ಸಂಬಳವಿಲ್ಲದೆ ಡ್ಯೂಟಿ ಮಾಡಿದರು. ಸುಮಾರು 4.2 ಕೋಟಿ ಜನ ನಂಬಿಕೊಂಡಿರುವ ಆಹಾರ ನೆರವು ನವೆಂಬರ್‌ನಲ್ಲಿ ಏರುಪೇರಾಯಿತು. ಅಮೆರಿಕದಲ್ಲಿರುವ ನಮ್ಮವರಿಗೂ ಬಿಸಿ ತಟ್ಟಿತು. ಹೊಸ ಎಚ್-1ಬಿ ಅರ್ಜಿಗೆ ಕಾರ್ಮಿಕ ಇಲಾಖೆಯ ಅನುಮೋದನೆ ಬೇಕಲ್ಲ, ಆ ಕೆಲಸವೇ ಕೆಲವು ವಾರ ನಿಂತುಹೋಗಿತ್ತು. 2019ರಲ್ಲಿ ಆದ ಕಾನೂನಿನ ಪ್ರಕಾರ ಸರ್ಕಾರಿ ನೌಕರರಿಗೆ ಬಾಕಿ ಸಂಬಳ ಸಿಗುತ್ತದೆ. ಆದರೆ ಅದೇ ಕಚೇರಿಗಳಲ್ಲಿ ಕಸ ಗುಡಿಸುವ, ಕ್ಯಾಂಟೀನ್ ನಡೆಸುವ ಗುತ್ತಿಗೆ ಕೆಲಸಗಾರರಿಗೆ ಆ ಖಾತ್ರಿ ಇಲ್ಲ.

ಇಷ್ಟೆಲ್ಲ ಗಲಾಟೆ ಮಾಡಿ ಸಾಲವಾದರೂ ಇಳಿಯಿತಾ? ಇಲ್ಲ. ಶಟ್‌ಡೌನ್ ನಡೆಯುತ್ತಿದ್ದ ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಒಟ್ಟು ಸಾಲ 38 ಟ್ರಿಲಿಯನ್ ಡಾಲರ್ ದಾಟಿತು. ಒಂದು ಟ್ರಿಲಿಯನ್ ಅಂದರೆ ಲಕ್ಷ ಕೋಟಿ.

ಕಾರಣ ಸರಳ. ಅಲ್ಲಿನ ಸರ್ಕಾರ ಖರ್ಚು ಮಾಡುವ ಪ್ರತಿ 100 ಡಾಲರ್‌ನಲ್ಲಿ ಸುಮಾರು 60 ಡಾಲರ್ ಹೋಗುವುದು ಪಿಂಚಣಿ, ಹಿರಿಯರ ಆರೋಗ್ಯ ವಿಮೆಯಂಥ, ಕಾನೂನಿನಲ್ಲೇ ಕಟ್ಟಿಹಾಕಿದ ಬಾಬ್ತುಗಳಿಗೆ. 13ರಷ್ಟು ಬಡ್ಡಿಗೆ. ಸಂಸತ್ತು ವರ್ಷ ವರ್ಷ ಕೂತು ಮಂಜೂರು ಮಾಡುವುದು ಉಳಿದ 26-27 ಡಾಲರ್ ಮಾತ್ರ. ಅದರಲ್ಲೂ ಅರ್ಧದಷ್ಟು ಸೈನ್ಯಕ್ಕೆ. ಬೀಗ ಬೀಳುವುದು ಈ ಸಣ್ಣ ಪಾಲಿನ ಮೇಲೆ. ದೊಡ್ಡ ಪಾಲಿಗೆ ಕೈ ಹಾಕಲು ಎರಡೂ ಪಕ್ಷಗಳು ಹಿಂಜರಿಯುತ್ತವೆ. ಹಿರಿಯರ ಪಿಂಚಣಿ ಮುಟ್ಟಿದರೆ ವೋಟು ಹೋಗುತ್ತೆ, ತೆರಿಗೆ ಏರಿಸಿದರೂ ಹೋಗುತ್ತೆ.

ಹಾಗಾದರೆ ಸಾಲಕ್ಕೆ ಯಾರು ಕಾರಣ? ಡೆಮಾಕ್ರಾಟರು ದುಂದು ಮಾಡ್ತಾರೆ ಅಂತ ಇವರು, ಶ್ರೀಮಂತರಿಗೆ ತೆರಿಗೆ ಬಿಟ್ಟುಕೊಡ್ತಾರೆ ಅಂತ ಅವರು. ಇಬ್ಬರು ಹೇಳುವುದೂ ಅರ್ಧ ನಿಜ. ಖರ್ಚು ಹೆಚ್ಚಿಸಿದರೂ, ಆದಾಯ ಕಡಿಮೆ ಮಾಡಿಕೊಂಡರೂ ಜೇಬಿನಲ್ಲಿ ಬೀಳುವ ತೂತು ಒಂದೇ. 2011ರಲ್ಲಿ ಒಬಾಮಾ ಅಧ್ಯಕ್ಷರಾಗಿದ್ದಾಗ ಸಾಲದ ಮಿತಿ ಏರಿಸಲು ಬಿಡುವುದಿಲ್ಲ ಎಂದು ರಿಪಬ್ಲಿಕನ್ನರು ದೇಶವನ್ನು ತುದಿಗಾಲ ಮೇಲೆ ನಿಲ್ಲಿಸಿದ್ದರು. 2017ರಲ್ಲಿ ಅದೇ ಪಕ್ಷ ತಂದ ತೆರಿಗೆ ಕಡಿತದಿಂದ ಹತ್ತು ವರ್ಷದಲ್ಲಿ ಸುಮಾರು ಒಂದೂವರೆ ಟ್ರಿಲಿಯನ್ ಆದಾಯ ಖೋತಾ ಎಂಬ ಅಂದಾಜಿತ್ತು. 2021ರಲ್ಲಿ ಡೆಮಾಕ್ರಾಟರು ಒಬ್ಬ ರಿಪಬ್ಲಿಕನ್ನನ ಮತವೂ ಇಲ್ಲದೆ 1.9 ಟ್ರಿಲಿಯನ್‌ನ ನೆರವಿನ ಪ್ಯಾಕೇಜ್ ಪಾಸ್ ಮಾಡಿದರು. 2025ರ ಜುಲೈನಲ್ಲಿ ರಿಪಬ್ಲಿಕನ್ನರು ಒಬ್ಬ ಡೆಮಾಕ್ರಾಟನ ಮತವೂ ಇಲ್ಲದೆ ತಂದ ಕಾಯ್ದೆಯಿಂದ ಹತ್ತು ವರ್ಷದಲ್ಲಿ ಕೊರತೆ 3.4 ಟ್ರಿಲಿಯನ್ ಹೆಚ್ಚುತ್ತದೆ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಕೊಟ್ಟಿತು. ಸಾಲದ ಮಿತಿಯನ್ನೂ 5 ಟ್ರಿಲಿಯನ್ ಏರಿಸಿದ್ದು ಅದೇ ಕಾಯ್ದೆ.

ಸಾಲ ಮಾಡುವುದೇ ತಪ್ಪು ಅಂತ ನಾನು ಹೇಳಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ 2.2 ಟ್ರಿಲಿಯನ್‌ನ ಪ್ಯಾಕೇಜ್‌ಗೆ ಸೆನೆಟ್‌ನಲ್ಲಿ 96 ಮತ ಬಿದ್ದವು, ವಿರುದ್ಧ ಸೊನ್ನೆ. ಮನೆಯಲ್ಲಿ ಯಾರಿಗೋ ಆಪರೇಷನ್ ಅಂದ್ರೆ ಸಾಲ ಮಾಡಲೇಬೇಕು. ನನ್ನ ತಕರಾರು ಬೇರೆ. ಎಲ್ಲರೂ ಆರೋಗ್ಯವಾಗಿದ್ದು, ಸಂಬಳ ಸರಿಯಾಗಿ ಬರುತ್ತಿರುವ ವರ್ಷದಲ್ಲೂ ಸಾಲ ಏರುತ್ತಿದೆ ಅಂದ್ರೆ ಆ ಮನೆಯ ಲೆಕ್ಕ ಎಲ್ಲೋ ತಪ್ಪಿದೆ.

2019ರಲ್ಲಿ ಅಮೆರಿಕದ ನಿರುದ್ಯೋಗ ಶೇ. 4ಕ್ಕಿಂತ ಕಡಿಮೆ ಇತ್ತು. ಆದರೂ ಟ್ರಂಪ್ ಸರ್ಕಾರದ ಕೊರತೆ 1 ಟ್ರಿಲಿಯನ್ ಹತ್ತಿರ. 2024ರಲ್ಲಿ ನಿರುದ್ಯೋಗ ಶೇ. 4ರ ಆಸುಪಾಸು. ಬೈಡನ್ ಸರ್ಕಾರದ ಕೊರತೆ 1.8 ಟ್ರಿಲಿಯನ್. ಆ ವರ್ಷ ಬಡ್ಡಿಗೆ ಕಟ್ಟಿದ ಹಣ ಸೈನ್ಯದ ಖರ್ಚನ್ನೂ ಮೀರಿತು. ಆ ದುಡ್ಡಿನಿಂದ ಒಂದು ಶಾಲೆಯೂ ಬರಲ್ಲ, ಒಂದು ಸೇತುವೆಯೂ ಬರಲ್ಲ.

ಆಗದ ಕೆಲಸವೇನಲ್ಲ ಇದು. 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಬಜೆಟ್‌ನಲ್ಲಿ ಹಣ ಉಳಿದಿತ್ತು. ಆ ವರ್ಷಗಳ ಬಹುಪಾಲು ಅಧ್ಯಕ್ಷ ಕ್ಲಿಂಟನ್ ಡೆಮಾಕ್ರಾಟ್, ಸಂಸತ್ತು ರಿಪಬ್ಲಿಕನ್ನರದ್ದು. ಇದೇ ಜೋಡಿ 1995-96ರಲ್ಲಿ 21 ದಿನ ಸರ್ಕಾರಕ್ಕೆ ಬೀಗ ಹಾಕಿಕೊಂಡು ಜಗಳವಾಡಿತ್ತು! ಡಾಟ್-ಕಾಮ್ ಕಾಲದ ತೆರಿಗೆ ಆದಾಯ ಕೈ ಹಿಡಿಯಿತು, ನಿಜ. ಆದರೆ ತೆರಿಗೆ ಏರಿಸಿ, ಖರ್ಚಿಗೆ ಕಡಿವಾಣ ಹಾಕಿ, ಎರಡೂ ಕಡೆಯವರು ತಮ್ಮ ಬೆಂಬಲಿಗರಿಂದ ಬೈಸಿಕೊಂಡಿದ್ದೂ ಅಷ್ಟೇ ನಿಜ.

ಡಾಲರ್ ಅವರದೇ ಕರೆನ್ಸಿ, ಜಗತ್ತೆಲ್ಲ ಅದನ್ನೇ ಕೂಡಿಡುತ್ತದೆ. ಹಾಗಾಗಿ ಅಮೆರಿಕ ನಾಳೆ ಬೆಳಗ್ಗೆ ದಿವಾಳಿ ಆಗಲ್ಲ. ಆದರೆ ನಂಬಿಕೆ ಸವೆಯುತ್ತಿದೆ. 2011ರಲ್ಲಿ ಎಸ್ ಆ್ಯಂಡ್ ಪಿ, 2023ರಲ್ಲಿ ಫಿಚ್, 2025ರಲ್ಲಿ ಮೂಡೀಸ್, ಹೀಗೆ ಮೂರೂ ದೊಡ್ಡ ಸಂಸ್ಥೆಗಳು ಅಮೆರಿಕದ ಅತ್ಯುನ್ನತ ರೇಟಿಂಗನ್ನು ಒಂದು ಮೆಟ್ಟಿಲು ಇಳಿಸಿವೆ. ಅಲ್ಲಿ ಬಡ್ಡಿ ಏರಿದರೆ ವಿದೇಶಿ ಹೂಡಿಕೆದಾರರು ನಮ್ಮ ಷೇರುಪೇಟೆಯಿಂದ ದುಡ್ಡು ಎತ್ತಿಕೊಂಡು ಹೋಗುವುದು, ರೂಪಾಯಿ ಜಾರುವುದು, ಬೆಂಗಳೂರಿನಲ್ಲಿ ಕೂತು ಅಮೆರಿಕದ ಕ್ಲೈಂಟ್‌ಗೆ ಕೆಲಸ ಮಾಡುವವರ ಪ್ರಾಜೆಕ್ಟ್ ಬಜೆಟ್‌ಗೆ ಕತ್ತರಿ ಬೀಳುವುದು, ಇವೆಲ್ಲ ನಾವು ನೋಡಿರೋದೇ ಅಲ್ವಾ?

ಆದ್ದರಿಂದ ಅಲ್ಲಿನ ನಾಯಕರು ಸಾಲದ ಬಗ್ಗೆ ಎದೆ ಬಡಿದುಕೊಳ್ಳುವ ವಿಡಿಯೊ ನಿಮ್ಮ ಫೋನಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದೇ ಒಂದು ವಿಷಯ ನೋಡಿ. ಅವರದೇ ಪಕ್ಷ ಅಧಿಕಾರದಲ್ಲಿದ್ದು, ಎಲ್ಲರಿಗೂ ಕೆಲಸವಿದ್ದ ಒಳ್ಳೆಯ ವರ್ಷದಲ್ಲಿ ಕೊರತೆ ಇಳಿದಿತ್ತಾ, ಏರಿತ್ತಾ? ಸರ್ಚ್ ಮಾಡಿದರೆ ಎರಡು ನಿಮಿಷದಲ್ಲಿ ಸಿಗುತ್ತದೆ. ಈ ಪ್ರಶ್ನೆಯನ್ನು ನಮ್ಮ ದೆಹಲಿಯವರಿಗೂ, ವಿಧಾನಸೌಧದವರಿಗೂ ಕೇಳಬಹುದು. ಯಾರೂ ಬೇಡ ಅನ್ನಲ್ಲ.