ಮೈಲೇಜ್ ಸಿಗುವುದು ಇಳಿಜಾರಿನಲ್ಲಿ

ಹೊಸ ಕಾರು ತಂದವರನ್ನು ನಮ್ಮ ಮಂಗಳೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಕೊಡ್ತದೆ?’ ಎಂದು. ಹಟ್ಟಿಯ ಹಸು ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸಿದ ಹಾಗೆ. ಆದರೆ ಹಸುವೂ ಕರೆಯುವ ಕೈ ನೋಡಿಯೇ ಹಾಲು ಬಿಡುತ್ತದೆ. ಹೈಬ್ರಿಡ್ ಕಾರಿನ ಕಥೆಯೂ ಅಷ್ಟೇ. ಅದರಲ್ಲೂ ಹೆಜ್ಜೆಗೊಂದು ಏರು, ಹೆಜ್ಜೆಗೊಂದು ಇಳಿಜಾರು ಇರುವ ಮಂಗಳೂರಿನಂಥ ಊರಿನಲ್ಲಿ ಮೈಲೇಜ್ ಅರ್ಧ ಕಾರಿನದ್ದಾದರೆ ಇನ್ನರ್ಧ ಓಡಿಸುವವರ ಪಾದದ್ದು ಎಂಬುದು ನನ್ನ ಅಭಿಪ್ರಾಯ.

ಈಗ ಮನೆಗೆ ಯಾವ ಕಾರು ಬೇಕೆಂದು ತೀರ್ಮಾನಿಸುವುದು ಹೆಚ್ಚಾಗಿ ಮನೆಯ ಮಕ್ಕಳು. ಮೊಬೈಲಿನಲ್ಲಿ ಹತ್ತು ವಿಡಿಯೊ ನೋಡಿ, ‘ಅಪ್ಪಾ, ಹೈಬ್ರಿಡ್ಡೇ ತಗೊಳ್ಳುವ, ಪೆಟ್ರೋಲ್ ಉಳೀತದೆ’ ಎನ್ನುತ್ತೇವೆ. ಸಾಲದ ಕಂತು ಕಟ್ಟುವುದು ಮಾತ್ರ ಅಪ್ಪ, ಅಮ್ಮ. ಹಾಗಾಗಿ ಕೊಟ್ಟ ಮಾತು ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.

ಒಂದು ಸರಳ ಲೆಕ್ಕ ಹಾಕೋಣ. ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್‌ಗೆ 2 ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದೀರಿ, ತಿಂಗಳಿಗೆ 1,000 ಕಿಲೋಮೀಟರ್ ಓಡಿಸುತ್ತೀರಿ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದುಕೊಳ್ಳಿ. ಊರೊಳಗೆ ಸಾಮಾನ್ಯ ಕಾರು ಲೀಟರಿಗೆ 15 ಕಿಲೋಮೀಟರ್, ನಿಮ್ಮ ಹೈಬ್ರಿಡ್ 22 ಕಿಲೋಮೀಟರ್ ಓಡಿದರೆ ತಿಂಗಳಿಗೆ ಸುಮಾರು 21 ಲೀಟರ್ ಉಳಿಯುತ್ತದೆ. ಹೆಚ್ಚಿಗೆ ಕೊಟ್ಟ ಹಣ ಸುಮಾರು ಎಂಟು ವರ್ಷದಲ್ಲಿ ಮರಳಿ ಬರುತ್ತದೆ. ಅದೇ ಕಾರನ್ನು ರಭಸದಿಂದ ಓಡಿಸಿ 17ಕ್ಕೆ ಇಳಿಸಿದರೆ ಉಳಿಯುವುದು 8 ಲೀಟರ್ ಮಾತ್ರ. ಆಗ ಆ 2 ಲಕ್ಷ ಹಿಂದಿರುಗಲು ಇಪ್ಪತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಕಾರೇ ಗುಜರಿಗೆ ಹೋಗಿರುತ್ತದೆ!

ಕಂಪನಿ ಹೇಳುವ ಅಂಕಿಯನ್ನೂ ತುಸು ಅರ್ಥ ಮಾಡಿಕೊಳ್ಳಬೇಕು. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಿಗೆ 27.97 ಕಿಲೋಮೀಟರ್ ಎಂಬ ಅಂಕಿ ಇದೆ. ಅದು ಸುಳ್ಳಲ್ಲ. ಆದರೆ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಚಕ್ರ ತಿರುಗಿಸಿ, ನಿಗದಿತ ವೇಗದಲ್ಲಿ ಅಳೆದದ್ದು. ಅಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ, ಬಾವುಟಗುಡ್ಡೆಯೂ ಇಲ್ಲ. ಇನ್ನೊಂದು ಎಚ್ಚರ: ಹಿಂದೆ ‘ಹೈಬ್ರಿಡ್’ ಎಂದು ಬರೆದಿರುವುದೆಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿರುವ ಪುಟ್ಟ ಮೋಟಾರು ಎಂಜಿನ್‌ಗೆ ಕೈ ಜೋಡಿಸುತ್ತದೆಯೇ ಹೊರತು ಕಾರನ್ನು ಒಂಟಿಯಾಗಿ ಓಡಿಸುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬರೀ ಬ್ಯಾಟರಿಯಲ್ಲೂ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ.

ಇದರ ಬ್ಯಾಟರಿ ತೀರಾ ಚಿಕ್ಕದು. ಹೈರೈಡರ್‌ನಲ್ಲಿರುವುದು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ ಹಿಡಿಯುವ ಬ್ಯಾಟರಿ. ಜನ ಕುಳಿತ ಮೇಲೆ 1,500 ಕೆ.ಜಿ. ತೂಗುವ ಕಾರು 50 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಅದರಲ್ಲಿ ಸೇರಿಕೊಳ್ಳುವ ಶಕ್ತಿ ಸುಮಾರು ಕಾಲು ಯೂನಿಟ್‌ಗಿಂತ ತುಸು ಕಡಿಮೆ. ಸಾಮಾನ್ಯ ಕಾರು ಇಳಿಯುವಾಗ ಈ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಡೈನಮೋ ಆಗಿ, ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಅಂದರೆ ನಮ್ಮ ಊರಿನ ಗುಡ್ಡಗಳಿಗೆ ಹೇಳಿ ಮಾಡಿಸಿದ ಬ್ಯಾಟರಿ ಇದು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿಯುವಾಗ ಸಿಗುವುದು ನಾಲ್ಕು ಯೂನಿಟ್‌ನಷ್ಟು ಶಕ್ತಿ. ಅಲ್ಲಿ ಬ್ಯಾಟರಿ ಅರ್ಧ ದಾರಿಗೆ ಮೊದಲೇ ತುಂಬಿ, ಉಳಿದದ್ದು ವ್ಯರ್ಥ. ಅಂಥ ಘಾಟಿಯಲ್ಲಿ ಗೇರ್ ಲಿವರಿನ ‘ಬಿ’ ಬಳಸಬೇಕಾದದ್ದು ಬ್ರೇಕು ಕಾಯದಿರಲೆಂದು, ಸುರಕ್ಷತೆಗಾಗಿ. ಕಾರಿನ ಜಾಣತನ ತೋರುವುದು ಊರೊಳಗಿನ ಸಣ್ಣ ಏರಿಳಿತಗಳಲ್ಲಿ.

ಆದರೆ ನಾವು ಮಾಡುವುದೇನು? ನಂತೂರಿನಿಂದ ಪಂಪ್‌ವೆಲ್ ಕಡೆಗೆ ಇಳಿಯುವಾಗಲೂ ಆಕ್ಸಿಲರೇಟರ್ ಒತ್ತಿ, ಮುಂದಿನ ಗಾಡಿಯ ಹಿಂಬದಿಗೆ ಹೋಗಿ ಗಕ್ಕನೆ ಬ್ರೇಕ್ ಹಾಕುತ್ತೇವೆ. ಮೋಟಾರು ಹೀರಿಕೊಳ್ಳುವ ಶಕ್ತಿಗೆ ಮಿತಿಯಿದೆ. ಜೋರಾಗಿ ಬ್ರೇಕ್ ಒತ್ತಿದರೆ ಮಾಮೂಲಿ ಬ್ರೇಕ್ ಪ್ಯಾಡುಗಳೂ ಕಚ್ಚಿ, ಬ್ಯಾಟರಿಗೆ ಹೋಗಬೇಕಾದದ್ದು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ದಿಬ್ಬದ ತುದಿ ಬರುವ ಮೊದಲೇ ಪಾದ ಹಗುರ ಮಾಡಿ, ದೂರದಿಂದಲೇ ಮೆಲ್ಲಗೆ ಬ್ರೇಕ್ ಹಿಡಿದುಕೊಂಡು ಬಂದರೆ ಅದೇ ಇಳಿಜಾರು ಬ್ಯಾಟರಿ ತುಂಬುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ‘ಚಾರ್ಜ್’ ಪಟ್ಟಿಯೊಳಗೇ ಇದೆಯೇ ಎಂದು ಆಗಾಗ ಒಂದು ಕಣ್ಣೋಟ ಹರಿಸಿದರೆ ಸಾಕು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವುದು ಹಿರಿಯರಿಂದ ಬಂದ ಇನ್ನೊಂದು ಚಾಳಿ. ಈಗಿನ ಪೆಟ್ರೋಲ್ ಕಾರುಗಳಲ್ಲೇ ಇದು ದಂಡ. ಗೇರಿನಲ್ಲಿಟ್ಟು ಪಾದ ಎತ್ತಿದರೆ ಪೆಟ್ರೋಲ್ ಪೂರೈಕೆ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ಮನೆ ಕುಡಿಯುತ್ತಿರುತ್ತದೆ. ಹೈಬ್ರಿಡ್‌ನಲ್ಲಂತೂ ನ್ಯೂಟ್ರಲ್ ಎಂದರೆ ಬ್ಯಾಟರಿಗೆ ಬರುವ ಶಕ್ತಿಗೆ ಬಾಗಿಲು ಹಾಕಿದಂತೆ. ಮೇಲಾಗಿ ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದು ಅಪಾಯ ಬೇರೆ.

ಏರಿನಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಎಂಜಿನ್ ಸದ್ದು ಕೇಳಿದರೆ ಹಣ ಹೋಯಿತೆಂದು ಭಾವಿಸಿ, ಬರೀ ಬ್ಯಾಟರಿಯಲ್ಲೇ ತೆವಳುತ್ತಾ ಗುಡ್ಡ ಹತ್ತಿಸುವವರಿದ್ದಾರೆ. ಬ್ರೇಕಿನಿಂದ ಬಂದದ್ದನ್ನು ಬಿಟ್ಟರೆ ಬ್ಯಾಟರಿಯಲ್ಲಿರುವುದೂ ಪೆಟ್ರೋಲಿನಿಂದಲೇ ಬಂದದ್ದು. ಖಾಲಿ ಮಾಡಿದರೆ ಮತ್ತೆ ತುಂಬುವುದು ಎಂಜಿನ್ನೇ, ಅದೂ ಸೋರಿಕೆಯ ಸಮೇತ. ಕೊಟ್ಟಾರದಿಂದ ನಂತೂರಿಗೆ ಹತ್ತುವಾಗ ಎಂಜಿನ್ ತನ್ನ ಕೆಲಸ ಮಾಡಲಿ. ಒಂದೇ ಹದದಲ್ಲಿ ಒತ್ತಿ, ಮುಳ್ಳು ‘ಪವರ್’ ಪಟ್ಟಿಗೆ ಹಾರದಂತೆ ನೋಡಿಕೊಂಡರೆ ಆಯಿತು. ಏರಿನಲ್ಲಿ ಟ್ರಾಫಿಕ್ ನಿಂತಾಗ ಹಾಫ್ ಕ್ಲಚ್ ಕಾಲದ ಅಭ್ಯಾಸದಂತೆ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಹಿಡಿದಿಡುವುದು ಬೇಡ. ಮೋಟಾರು ಕದಲದೆ ಕರೆಂಟ್ ತಿನ್ನುತ್ತದೆ, ಬಿಸಿಯೂ ಆಗುತ್ತದೆ. ಬ್ರೇಕ್ ಇರುವುದೇ ಅದಕ್ಕೆ.

ಇನ್ನು ಉಳಿದದ್ದು ಸಣ್ಣ ಸಣ್ಣ ಸಂಗತಿ. ನಮ್ಮ ಸೆಕೆಯಲ್ಲಿ ಎಸಿ ಬಂದ್ ಮಾಡಿ ಎನ್ನುವುದು ನ್ಯಾಯವಲ್ಲ. ಆದರೆ 18ರ ಬದಲು 25ರಲ್ಲಿ ಇಟ್ಟರೆ ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ಬೇಗ ಇಳಿದು ಎಂಜಿನ್ ಎದ್ದು ಕೂರುವುದು ತಪ್ಪುತ್ತದೆ. ಟೈರಿನ ಗಾಳಿ ಆಗಾಗ ನೋಡಿಸುವುದು, ಹಾಲಿಗೊಮ್ಮೆ ಔಷಧಿಗೊಮ್ಮೆ ಎಂದು ತಣ್ಣಗಿನ ಎಂಜಿನ್ ಎಬ್ಬಿಸದೆ ಒಂದೇ ಸುತ್ತಿನಲ್ಲಿ ಕೆಲಸ ಮುಗಿಸುವುದು, ಇವೂ ಲೆಕ್ಕಕ್ಕೆ ಬರುತ್ತವೆ. ಹನಿ ಹನಿ ಕೂಡಿದರೆ ಹಳ್ಳ.

‘ಇಷ್ಟೆಲ್ಲ ನೋಡುತ್ತಾ ಕೂತರೆ ಹಿಂದಿನ ಬಸ್ಸಿನವ ಹಾರನ್ ಹೊಡೆದು ಸಾಯಿಸುತ್ತಾನೆ’ ಎನ್ನಬಹುದು. ಹೌದು, ನಮ್ಮ ರಸ್ತೆಯ ಒತ್ತಡ ನಿಜ. ಆದರೆ ಆಮೆಯಂತೆ ಹೋಗಬೇಕಿಲ್ಲ. ಮುಂದಿನ ಸಿಗ್ನಲ್ ಕೆಂಪಾಗಿದೆ ಎಂದು ಕಂಡ ಮೇಲೆ ಪಾದ ಎತ್ತಿದವನೂ ಕೊನೆಯವರೆಗೆ ಒತ್ತಿದವನೂ ನಿಲ್ಲುವುದು ಅದೇ ಗೆರೆಯಲ್ಲಿ. ‘ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ’ ಎನ್ನುವವರೂ ಇದ್ದಾರೆ. ಯಾವಾಗ ಎಂಜಿನ್, ಯಾವಾಗ ಮೋಟಾರು ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳಬಲ್ಲದು. ಇನ್ನೂರು ಮೀಟರ್ ಮುಂದಿನ ತಿರುವಿನಾಚೆ ಇಳಿಜಾರಿದೆ ಎಂಬುದು ನಿತ್ಯ ಆ ದಾರಿಯಲ್ಲಿ ಓಡಾಡುವ ನಮಗೆ ಮಾತ್ರ ಗೊತ್ತು.

ಹೊಸ ಕಾರಿಗೆ ಹಾರ ಹಾಕಿ, ಫೋಟೊ ತೆಗೆದು, ದೊಡ್ಡ ಕೀಲಿಕೈ ಕೊಡುವ ಶೋರೂಮುಗಳು ಅದರ ಜೊತೆ ಅರ್ಧ ಗಂಟೆ ಗುಡ್ಡದ ದಾರಿಯಲ್ಲಿ ಓಡಿಸಿ ತೋರಿಸಲಿ. ಡ್ರೈವಿಂಗ್ ಶಾಲೆಗಳು ರಿವರ್ಸ್ ಕಲಿಸಿದಷ್ಟೇ ಶ್ರದ್ಧೆಯಿಂದ ಪಾದ ಎತ್ತುವುದನ್ನೂ ಕಲಿಸಲಿ. ನಮ್ಮ ಓರಗೆಯವರು ಕಾರಿನ ಪಿಕಪ್ ಬಗ್ಗೆ ಆಡುವ ಮಾತಿನಲ್ಲಿ ಕಾಲು ಭಾಗವನ್ನಾದರೂ ಇಳಿಜಾರಿಗೆ ಮೀಸಲಿಡಲಿ. ಅಷ್ಟು ತಾಳ್ಮೆ ಇಲ್ಲವೆನ್ನುವವರು ಸಾಮಾನ್ಯ ಕಾರನ್ನೇ ಕೊಂಡು, ಆ 2 ಲಕ್ಷವನ್ನು ಅಪ್ಪನ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವುದು ಮೇಲು.