ಆಯ್ಕೆ ಯಾರದು?

ಮಗು ಎಲ್ಲಿ ಓದಬೇಕೆಂಬುದು ಪೋಷಕರ ಆಯ್ಕೆ ಎಂಬ ಮಾತು ಈಗ ವೇದವಾಕ್ಯವಾಗಿದೆ. ಕರ್ನಾಟಕದ ಭಾಷಾ ಮಾಧ್ಯಮ ನೀತಿಯನ್ನು 2014ರ ಮೇ 6ರಂದು ತಳ್ಳಿಹಾಕಿದ ಸುಪ್ರೀಂ ಕೋರ್ಟು ಸಹ, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಮಗುವಿನ ಪರವಾಗಿ ಪೋಷಕರದೆಂದೇ ಹೇಳಿತು. ತೀರ್ಪಿಗೆ ತಲೆಬಾಗುತ್ತೇನೆ. ಆದರೆ ಆ ಆಯ್ಕೆ ನಿಜಕ್ಕೂ ಯಾರ ಕೈಯಲ್ಲಿದೆ?

ಭದ್ರಾವತಿಯನ್ನೇ ನೋಡಿ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಸಂಬಳದಿಂದ ಬೆಳೆದ ಊರದು. 2015ರಲ್ಲಿ ಎಂ.ಪಿ.ಎಂ. ಯಂತ್ರಗಳು ನಿಂತವು. ಸಂಬಳವಿದ್ದಷ್ಟು ದಿನ ಶುಲ್ಕ, ಶುಲ್ಕವಿದ್ದಷ್ಟು ದಿನ ಆಯ್ಕೆ. ಕೆಲಸ ಹೋದ ತಂದೆಯ ಪಾಲಿಗೆ ಆ ಹಕ್ಕಿನ ಬೆಲೆಯೇನು?

2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮು ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಕೂಡದೆನ್ನುತ್ತದೆ. ಆದರೂ ಅರ್ಜಿ ಹಿಡಿದು ಹೋದ ತಂದೆತಾಯಿಯರ ಓದು, ವರಮಾನಗಳನ್ನು ವಿಚಾರಿಸುವ ಕೊಠಡಿಗಳನ್ನು ನಾನೇ ಕಂಡಿದ್ದೇನೆ. ಅಲ್ಲಿ ಆರಿಸುವವರು ಪೋಷಕರಲ್ಲ, ಶಾಲೆಯವರು. ಬಡವರಿಗೆಂದು ಅದೇ ಕಾಯಿದೆ ಶೇ. 25 ಸೀಟುಗಳನ್ನು ಮೀಸಲಿಟ್ಟಿತು. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲವೆಂದು 2019-20ನೇ ಸಾಲಿನಿಂದ ನಮ್ಮ ಸರ್ಕಾರ ನಿಯಮ ತಿದ್ದಿತು. ಸರ್ಕಾರಿ ಶಾಲೆ ಇದೆಯಲ್ಲ ಎಂಬುದು ಅದರ ವಾದ. ಹಾಗಾದರೆ ಆ ಶಾಲೆಯನ್ನು ಮೇಲೆತ್ತುವ ಹೊಣೆ ಯಾರದು?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸರ್ಕಾರಿ ಸಂಬಳದಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನು, ನನ್ನ ಮಗನನ್ನು ಶಿವಮೊಗ್ಗದ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೆ ಕಳುಹಿಸಿದೆ. ನಮ್ಮ ಶಾಲೆಯ ಸೂರು ಸೋರಿದಾಗ ಅರ್ಜಿ ಬರೆದು ಸುಮ್ಮನಾದೆ. ನನ್ನ ಮಗ ಅಲ್ಲಿ ನೆನೆಯುತ್ತಿದ್ದರೆ ಸುಮ್ಮನಿರುತ್ತಿದ್ದೆನೇ? ಗುಮಾಸ್ತ, ವೈದ್ಯ, ಮೇಷ್ಟ್ರು ಎಲ್ಲರೂ ಮಕ್ಕಳನ್ನು ಬಿಡಿಸಿಕೊಂಡು ಹೋದ ಮೇಲೆ ಉಳಿದವರು ಕೂಲಿಯವರ ಮಕ್ಕಳು. ಅವರ ಪರವಾಗಿ ಕಚೇರಿಯ ಮೆಟ್ಟಿಲು ಹತ್ತಿ ದಬಾಯಿಸುವವರು ಇಲ್ಲವಾದರು. ನಮ್ಮ ಆಯ್ಕೆ ಅವರ ಆಯ್ಕೆಯನ್ನು ಕಿತ್ತುಕೊಂಡಿತು.

1964–66ರ ಕೊಠಾರಿ ಆಯೋಗ ನೆರೆಹೊರೆಯ ಎಲ್ಲ ಮಕ್ಕಳೂ ಕೂಡಿ ಓದುವ ಸಮಾನ ಶಾಲೆಯನ್ನು ಸೂಚಿಸಿತ್ತು. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಬೊಕ್ಕಸದಿಂದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಸೇರಿಸುವಂತಾಗಬೇಕೆಂದಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಾದರೂ ಆ ಕೆಲಸ ಮೊದಲಾಗಲಿ. ಅಧಿಕಾರಿಯ ಮಗುವೂ ಅದೇ ಬೆಂಚಿನ ಮೇಲೆ ಕುಳಿತರೆ, ಸೂರು ಮುಂದಿನ ಮಳೆಗಾಲದೊಳಗೆ ರಿಪೇರಿಯಾಗುತ್ತದೆ.